ನೋಣಯ್ಯ ಆರಿಸಿದ ಪೆಟ್ಟಿಗೆ

ಹಂಪನಕಟ್ಟೆಯ ಸ್ಟುಡಿಯೋ ಒಂದರ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆದು ತೊಳೆದು ಬೆರಳು ಕಂದಿಹೋಗಿದ್ದ ನೋಣಯ್ಯನಿಗೆ ಇದ್ದದ್ದು ಒಂದೇ ಆಸೆ. ಸ್ವಂತ ಕ್ಯಾಮರಾ ಕೊಂಡು ಮದುವೆ ಮನೆಗಳ ಫೋಟೋ ತೆಗೆಯಬೇಕು. ಧಣಿಯ ಕೈಕೆಳಗಿನ ಬಾಳು ಸಾಕು. ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು.

ಬಂದರಿನಲ್ಲಿ ಹಳೆ ಸಾಮಾನು ಮಾರುತ್ತಿದ್ದ ಬ್ಯಾರಿ ಅಹ್ಮದ್ ಬಾವನ ಅಂಗಡಿಯಲ್ಲಿ ಎರಡು ಕ್ಯಾಮರಾಗಳಿದ್ದವು. ಒಂದು ಮಡಚುವಂಥದ್ದು, ಎಳೆದರೆ ಹಾರ್ಮೋನಿಯಂ ತಿದಿಯ ಹಾಗೆ ಹೊರಬರುತ್ತಿತ್ತು. ಇನ್ನೊಂದು ಬರೀ ಕರಿ ಪೆಟ್ಟಿಗೆ. ಎರಡಕ್ಕೂ ಒಂದೇ ಅಗಲದ ಫಿಲ್ಮು ರೋಲು, ಅಂಗೈಯಗಲದ ಕಪ್ಪು ಬಿಳುಪಿನ ಚಿತ್ರ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

“ಮಡಚುವುದನ್ನು ತಗೊಳ್ಳಿ ನೋಣಯ್ಯಣ್ಣ. ಅದರ ಕಣ್ಣು ದೊಡ್ಡದುಂಟು. ಬೇಕಾದರೆ ಒಂದು ವರ್ಷ ಕಾಯಿರಿ,” ಎಂದ ಬಾವ.

“ಪೆಟ್ಟಿಗೆಗೆ ಎಂತ ಕಮ್ಮಿ ಆಗಿದೆ ಬ್ಯಾರಿಗಳೇ?”

ಕಾದು ಕಾದೇ ನೋಣಯ್ಯನಿಗೆ ಸಾಕಾಗಿತ್ತು. ಅಂಗಡಿಯೆದುರಿನ ಉರಿಬಿಸಿಲಿನಲ್ಲಿ ದೋಣಿಯಿಂದ ಮೂಟೆ ಇಳಿಸುವವರ ಚಿತ್ರವನ್ನು ಪೆಟ್ಟಿಗೆಯಲ್ಲಿ ತೆಗೆದು ಪರೀಕ್ಷಿಸಿದ. ತೊಳೆದು ನೋಡಿದರೆ ಮೀಸೆಯ ಕೂದಲು ಎಣಿಸಬಹುದಿತ್ತು. ಪೆಟ್ಟಿಗೆಯನ್ನೇ ಕೊಂಡು, ನಾಳೆಯಿಂದ ಬರುವುದಿಲ್ಲವೆಂದು ಧಣಿಗೆ ಹೇಳಿಯೂ ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇಂಥವರನ್ನು ನೋಡಿಯೇ.

ಮದುವೆ ಬಿಸಿಲಿನಲ್ಲಿ ನಡೆಯುತ್ತದೆಯೇ? ತೆಂಗಿನ ಮಡಲಿನ ಚಪ್ಪರದ ನೆರಳಿನಲ್ಲಿ ಬೆಳಕು ಸಾಲದೆ ಪೆಟ್ಟಿಗೆಯ ಸಣ್ಣ ಕಣ್ಣನ್ನು ಮೂರು ನಾಲ್ಕು ಎಣಿಸುವವರೆಗೆ ತೆರೆದೇ ಇಡಬೇಕು. ಅಷ್ಟರಲ್ಲಿ ಮದುಮಗಳು ನಗುತ್ತಾಳೆ, ಮಾವ ಕೆಮ್ಮುತ್ತಾನೆ. ಮೊದಲ ಮದುವೆಯಲ್ಲೇ ಮದುಮಗನಿಗೆ ಎರಡು ಮೂಗು ಬಂದವು. ಎರಡನೆಯ ಮದುವೆಗೆ ಯಾರೂ ಕರೆಯಲಿಲ್ಲ.

ಕರೆದವರು ಸಾವಿನ ಮನೆಯವರು. ಹಿರಿಯರು ತೀರಿಕೊಂಡರೆ ಮೀಯಿಸಿ, ಅಂಗಳದ ಕುರ್ಚಿಗೆ ಒರಗಿಸಿ, ಮಕ್ಕಳು ಸುತ್ತ ನಿಂತು ಒಂದು ಫೋಟೋ ತೆಗೆಸುವುದು ಆಗ ಅನುಕೂಲಸ್ಥರ ರೂಢಿ. ನೋಣಯ್ಯನ ಚಿತ್ರದಲ್ಲಿ ಅಳುವ ಮಕ್ಕಳೆಲ್ಲ ಹೊಗೆಯಾಗಿರುತ್ತಿದ್ದರು, ಸತ್ತವರು ಮಾತ್ರ ಸ್ಪಷ್ಟ. ಮನೆಯವರಿಗೂ ಅಷ್ಟೇ ಬೇಕಾಗಿತ್ತು. ಬಿಕರ್ನಕಟ್ಟೆಯಿಂದ ಕೂಳೂರಿನ ಕಡವಿನವರೆಗೆ ಹೆಸರು ಹಬ್ಬಿತು. ಅವನು ದಾರಿಯಲ್ಲಿ ಕಂಡರೆ ಸಾಕು, “ಯಾರ ಮನೆಯಲ್ಲಿ?” ಎಂದು ಜನ ಕೇಳುತ್ತಿದ್ದರು. ಆ ಹೆಸರು ಅವನಿಗೆ ಬೇಡವಾಗಿತ್ತು.

ಪೆಟ್ಟಿಗೆ ಕೊಟ್ಟು ಮಡಚುವುದನ್ನು ಕೊಳ್ಳೋಣವೆಂದರೆ ಬಾವ ಕೈಯನ್ನೂ ತಾಗಿಸಲಿಲ್ಲ. “ಬೇರೆ ಎಂತದ್ದಾದರೂ ತನ್ನಿ, ತಗೊಳ್ತೇನೆ. ಇದನ್ನು ಇಟ್ಟರೆ ಅಂಗಡಿಗೆ ಜನ ಬರುವುದಿಲ್ಲ ಮಾರಾಯ್ರೇ, ಬೇಜಾರು ಮಾಡಬೇಡಿ.”

ಕೊನೆಗೊಂದು ಉಪಾಯ ಹೊಳೆಯಿತು. ಬದುಕಿರುವವರ ಒಂದು ಒಳ್ಳೆಯ ಚಿತ್ರವನ್ನು ಮನೆಯ ಬಾಗಿಲ ಮೇಲೆ ತೂಗುಹಾಕಿದರೆ ಜನರ ಬಾಯಿ ಮುಚ್ಚೀತು. ತಾಯಿ ದೇಯಿಯನ್ನು ಕೇಳಿದ.

“ಅದರ ಎದುರು ಕೂತವರು ಎದ್ದದ್ದುಂಟಾ ಮಗಾ?” ಎಂದಳು ದೇಯಿ. ಮಗನ ಮುಖ ನೋಡಿ, ಮತ್ತೆ ತಾನೇ ಕುರ್ಚಿ ಎಳೆದುಕೊಂಡಳು. “ಆಯ್ತು. ಅಲುಗಾಡಬಾರದು ಅಲ್ವಾ? ಅಲುಗಾಡುವುದಿಲ್ಲ.”

ಅವಳು ಉಸಿರು ಬಿಗಿಹಿಡಿದಳು, ರೆಪ್ಪೆಯನ್ನೂ ಬಡಿಯಲಿಲ್ಲ. ಅವನು ಅದುವರೆಗೆ ತೆಗೆದ ಚಿತ್ರಗಳಲ್ಲೆಲ್ಲ ಇದೇ ಹೆಚ್ಚು ಚೊಕ್ಕವಾಗಿ ಬಂತು. ಸೀರೆಯ ನೂಲು ಸಹ ಕಾಣುತ್ತಿತ್ತು. ನೋಣಯ್ಯನಿಗೆ ಸಂತೋಷದಿಂದ ಕಣ್ಣು ತುಂಬಿತು.

ವಾರದೊಳಗೆ, ಅವನ ಸುದ್ದಿ ಗೊತ್ತಿಲ್ಲದ ಉಮಾವತಿ ಎಂಬಾಕೆ ಮಗಳ ಮದುವೆಗೆ ಫೋಟೋದವನನ್ನು ಹುಡುಕುತ್ತ ಬಜಪೆಯಿಂದ ಬಂದಳು. ಬಾಗಿಲ ಮೇಲಿನ ಚಿತ್ರ ನೋಡಿ ಕೈಮುಗಿದಳು.

“ನಿಮ್ಮ ತಾಯಿಯಾ? ತೀರಿಕೊಂಡು ಎಷ್ಟು ಸಮಯ ಆಯ್ತು?”

ಒಳಗೆ ಬೀಡಿ ಕಟ್ಟುತ್ತಿದ್ದ ದೇಯಿಯ ಕೈ ನಿಂತಿತು. ನೋಣಯ್ಯ ಮುಖ ಆಚೆ ತಿರುಗಿಸಿದ. ದುಃಖ ಇನ್ನೂ ಹಸಿಯೆಂದುಕೊಂಡ ಉಮಾವತಿ ಮದುವೆಯ ಮಾತನ್ನೇ ಎತ್ತಲಿಲ್ಲ. ಸಾವಿನ ಮನೆಯಿಂದ ಹೊರಡುವವರ ಹಾಗೆ “ಬರ್ತೇನೆ” ಎನ್ನದೆ ಅಂಗಳ ಇಳಿದುಹೋದಳು.