ಮೀಸಲು ತೆಗೆದ ಬಾಟಲಿ

ಮೂರು ಉಳ್ಳಾಗಡ್ಡಿ ನೋಡಲು ಜನ ಸಾಲುಗಟ್ಟಿ ನಿಂತದ್ದನ್ನು ನಾನು ಕಂಡದ್ದು ಇಂಗ್ಲೆಂಡಿನ ಈ ಸಣ್ಣ ಊರಿಗೆ ಬಂದ ಮೇಲೆಯೇ. ಬಿಳಿ ಬಟ್ಟೆಯ ಮೇಲೆ, ಕುತ್ತಿಗೆಗೆ ದಾರ ಕಟ್ಟಿಸಿಕೊಂಡು, ಮದುಮಕ್ಕಳ ಹಾಗೆ ಕೂತಿದ್ದವು. ಯಾರೂ ಮುಟ್ಟಲಿಲ್ಲ, ದರ ಕೇಳಲಿಲ್ಲ. ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿಯನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಳ್ಳುವ ನಮಗೆ ಇದು ಹುಚ್ಚು ಅನ್ನಿಸದೆ ಇರುತ್ತದೆಯೇ?

ಇಲ್ಲಿಯವರು ಇದನ್ನು ‘ಶೋ’ ಎನ್ನುತ್ತಾರೆ. ಬೇಸಿಗೆಯಲ್ಲಿ ಒಂದು ದಿನ, ಊರಾಚೆಯ ಹುಲ್ಲುಗಾವಲಿನಲ್ಲಿ ದೊಡ್ಡ ಡೇರೆ ಹಾಕಿ, ಬೆಳೆದದ್ದು, ಸಾಕಿದ್ದು, ಅಡುಗೆ ಮಾಡಿದ್ದು ಎಲ್ಲವನ್ನೂ ತಂದಿಟ್ಟು ಬಹುಮಾನ ಕೊಡುತ್ತಾರೆ. ಬೇಸಿಗೆ ಬರೀ ಹೆಸರಿಗೆ. ನಮ್ಮ ಶ್ರಾವಣದ ಜಿಟಿಜಿಟಿಯೇ ಇವರ ಬೇಸಿಗೆ.

ತಾರಿಹಾಳದ ಕಾರ್ಖಾನೆಯಲ್ಲಿದ್ದ ನನ್ನ ಯಜಮಾನರು ಈಗ ಇಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. ಮುಚ್ಚಿದ ಅಂಗಡಿಯೊಂದರ ಮೇಲಿನ ಎರಡು ಕೋಣೆ ನಮ್ಮ ಮನೆ. ಮೊದಲಿದ್ದ ಸಪ್ತಾಪುರದ ಓಣಿಯಲ್ಲಿ ಬಾಗಿಲು ತೆರೆದರೆ ಸಾಕು, ಎದುರಿನವರು “ಶಾಂತಕ್ಕಾ, ಚಾ ಆತೇನ್ರಿ?” ಅನ್ನುತ್ತಿದ್ದರು. ಇಲ್ಲಿ ಮನೆಯೊಳಗೂ ನನ್ನ ಹೆಸರಿಲ್ಲ. ಯಜಮಾನರು “ಏ” ಅಂದರೆ ಮುಗಿಯಿತು. ಹೊರಗೆ ಅಂಗಡಿಯವರು, ಬಸ್ಸಿನವರು ಎಲ್ಲರೂ ‘ಲವ್’ ಎಂದು ಕರೆಯುತ್ತಾರೆ. ಮೊದಲು ನಾಚಿಕೊಂಡೆ. ಹೆಸರು ಗೊತ್ತಿಲ್ಲದವರನ್ನು ಕರೆಯುವ ಶಬ್ದ ಅದು ಎಂದು ಆಮೇಲೆ ತಿಳಿಯಿತು.

ಶೋದಲ್ಲಿ ಗೆದ್ದವರ ಹೆಸರನ್ನು ಸಂಜೆ ಮೈಕಿನಲ್ಲಿ ಕೂಗುತ್ತಾರೆಂದು ಪಕ್ಕದ ಮನೆಯ ಮಾರ್ಗರೆಟ್ ಅಜ್ಜಿ ಹೇಳಿದಾಗ ನನಗೆ ಆಸೆ ಹುಟ್ಟಿತು. ಬಹುಮಾನ ಹಾಳಾಗಲಿ, ಈ ಊರು ಒಮ್ಮೆ ‘ಶಾಂತಾ’ ಎಂದು ಕರೆಯಲಿ. ದೂರದ ಪಟ್ಟಣದಿಂದ ನಾಲ್ಕು ಮಾವಿನಕಾಯಿ ತರಿಸಿ, ತವರೂರು ಮುಗದದಲ್ಲಿರುವ ಅವ್ವನನ್ನು ಫೋನಿನಲ್ಲಿ ಕೇಳಿ ಕೇಳಿ ಉಪ್ಪಿನಕಾಯಿ ಹಾಕಿದೆ. ಒಂದೇ ಬಾಟಲಿ ತುಂಬಿತು.

ಬಾಟಲಿ ಕಂಠದವರೆಗೆ ತುಂಬಿರಬೇಕು, ಮುಚ್ಚಳ ತೆರೆದಿರಬಾರದು ಎಂಬ ನಿಯಮ ನನಗೆ ಗೊತ್ತಿತ್ತು. ಆದರೂ ಕಾಯಿ ಕಳಿತ ದಿನ ಮೊದಲ ಚಮಚ ಮೀಸಲು ತೆಗೆದು, ಕಪಾಟಿನ ಮೇಲಿನ ನಮ್ಮ ದೇವರಿಗೆ ಎಡೆ ಮಾಡಿದೆ. ಕೈ ತಾನಾಗಿ ಮಾಡಿತು. ದೇವರು ಉಂಡರೆ ಕಡಿಮೆಯಾಯಿತೆಂದು ನಮ್ಮಲ್ಲಿ ಯಾರಾದರೂ ಎಣಿಸುತ್ತಾರೆಯೇ?

ಶೋದ ದಿನ ಟೊಪ್ಪಿಗೆಯ ಹೆಂಗಸೊಬ್ಬಳು ಎಣಿಸಿದಳು. ತೀರ್ಪುಗಾರಳು ಅವಳು. ಬಾಟಲಿಯನ್ನು ಬೆಳಕಿಗೆ ಹಿಡಿದು, ಕಂಠದ ಕೆಳಗಿನ ಖಾಲಿ ಜಾಗ ತೋರಿಸಿ, ಇದನ್ನು ಯಾರು ತಿಂದರು ಎಂದು ಮೆಲ್ಲಗೆ ಕೇಳಿದಳು. ದೇವರು ಎನ್ನಲು ಬಾಯಿ ಬರಲಿಲ್ಲ. ಸುತ್ತ ಜನ ನೋಡುತ್ತಿದ್ದರು. “ನಾನೇ” ಎಂದೆ. ದೇವರಿಗಿಂತ ಮೊದಲು ತಿನ್ನುವ ತಪ್ಪನ್ನು ಮುಗದದಲ್ಲಿ ಹಸಿದ ಕೂಸಾಗಿದ್ದಾಗಲೂ ಮಾಡಿದವಳಲ್ಲ ನಾನು. ಇಲ್ಲಿ ಮಾಡದೆಯೇ ಒಪ್ಪಿಕೊಂಡೆ.

“ಸಾರಿ, ಲವ್” ಎಂದು ಅವಳು ರುಚಿ ನೋಡದೆಯೇ ಮುಂದಿನ ಬಾಟಲಿಗೆ ಹೋದಳು. ಸಂಜೆ ಮೈಕಿನಲ್ಲಿ ಹೆಸರುಗಳನ್ನು ಕೂಗಿದರು. ಮಳೆಯಲ್ಲಿ ನಿಂತು ಅಷ್ಟೂ ಕೇಳಿದೆ. ಅಳು ಬಂತು.

ಮನೆಗೆ ಬಂದಾಗ ಅವ್ವನ ಫೋನು.

“ಶಾಂತಾ, ಏನಾತ ನಿನ್ನ ಉಪ್ಪಿನಕಾಯಿ?”

“ಬಹುಮಾನ ಬರಲಿಲ್ಲಬೇ.”

“ಮೀಸಲಾ ತಗದಿದ್ದಿಲ್ಲೋ?”

“ತಗದಿದ್ದೆ.”

“ಮತ್ತ? ದೇವರ ಉಂಡ ಮ್ಯಾಲ ಮಂದೀದೇನ? ಛಲೋ ಮಾಡಿದಿ, ಶಾಂತಾ.”

ಹೀಗೆ ಆ ದಿನ ನನ್ನ ಹೆಸರು ಕರೆದವಳು ಅವಳೊಬ್ಬಳೇ. ‘ನಾನೇ’ ಎಂದು ಒಪ್ಪಿಕೊಂಡದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ಯಜಮಾನರು ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತ, “ಅದಕ್ಯಾಕ ಅಳ್ತಿ? ಬರೋ ವರ್ಷ ಎರಡ ಬಾಟ್ಲಿ ಹಾಕು. ಒಂದ ದೇವರಿಗೆ, ಒಂದ ಇವರಿಗೆ,” ಎಂದರು.

ಅವರು ಹೇಳಿದ್ದು ಖರೆ. ಎರಡು ಖಾಲಿ ಬಾಟಲಿ ತೊಳೆದು ಕಿಟಕಿಯಲ್ಲಿ ಬೋರಲು ಇಟ್ಟಿದ್ದೇನೆ. ಎರಡನೆಯದು ಗೆದ್ದು, ಈ ಊರು ನನ್ನ ಹೆಸರು ಕೂಗಲೂಬಹುದು. ಕೂಗಿದರೆ ಓಡಿ ಹೋಗಿ ನಿಲ್ಲುತ್ತೇನೆ. ಆದರೆ ದೇವರಿಗಿಂತ ಮೊದಲು ಮಂದಿ ಚಮಚ ಹಾಕಿದ ಆ ಬಾಟಲಿಯನ್ನು ಮನೆಗೆ ತಂದು ನಾನು ತಿನ್ನಲಾರೆ.