ಅಮೆರಿಕದ ಓಟು, ಅತ್ತಿಗೆಯ ಕೆಲಸ

ಗೇರುಬೀಜದ ಕಾರ್ಖಾನೆಯಲ್ಲಿರಬೇಕಾದ ವಸಂತಿ ಅತ್ತಿಗೆ ಸೋಮವಾರ ಬೆಳಗ್ಗೆ ಶಿರ್ತಾಡಿ ಪೇಟೆಯಲ್ಲಿ ಎದುರಾದರು. 'ರಜೆಯಾ ಅತ್ತಿಗೆ?' ಎಂದೆ.

'ಎಂಥ ರಜೆ ಮಾರಾಯ! ಅಮೆರಿಕದವರು ಇಲ್ಲಿಂದ ಹೋಗುವ ಬೀಜಕ್ಕೆ ಟ್ಯಾಕ್ಸ್ ಏರಿಸಿದ್ದಾರಂತೆ. ಆರ್ಡರ್ ಇಲ್ಲ. ಮತ್ತೆ ಕರೀತೇವೆ ಅಂದಿದ್ದಾರೆ ಧಣಿಗಳು.'

ವಸಂತಿ ಅತ್ತಿಗೆ ನನ್ನ ದೊಡ್ಡಪ್ಪನ ಸೊಸೆ. ಬಿಳಿ ಬೀಜ, ತುಂಡು ಬೀಜ, ಕಲೆ ಬಿದ್ದ ಬೀಜ ಎಂದು ಆರಿಸುತ್ತಲೇ ತಲೆ ನರೆತವರು. ಅಣ್ಣ ತೀರಿಕೊಂಡ ಮೇಲೆ ಮನೆ ನಡೆದದ್ದೂ ಅದರಲ್ಲೇ. ಅಮೆರಿಕದ ತಂಟೆಗೆ ಅವರು ಹೋದವರೇ ಅಲ್ಲ.

ಆದರೆ ಅಲ್ಲಿಯ ದೊಡ್ಡವರಿಗೆ ಓಟು ಬೇಕಲ್ಲ! ಹೊರಗಿನವರೆಲ್ಲ ನಮ್ಮನ್ನು ದೋಚಿದರು, ಇನ್ನು ಎಲ್ಲವನ್ನೂ ಇಲ್ಲೇ ಮಾಡೋಣ ಎಂದು ಭಾಷಣ ಬಿಗಿದರು. ಜನ ಚಪ್ಪಾಳೆ ತಟ್ಟಿದರು. (ಗೇರುಮರವನ್ನೇ ಕಂಡಿರದ ಜನ!) ಟಿವಿಯ ಕೋಟುಧಾರಿಗಳು ಇದನ್ನು ವಿದೇಶಾಂಗ ನೀತಿ ಎನ್ನುತ್ತಾರೆ. ನಮ್ಮಲ್ಲಿ, ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತೇವೆ.

ಕೆಲವು ತಿಂಗಳು ಕಳೆಯಿತು. ದಿನಸಿ ಬಿಲ್ ನೋಡಿ ಅಲ್ಲಿಯ ಜನ ಗೊಣಗತೊಡಗಿದರು. ಅಷ್ಟೇ, ಬೀಜದ ಟ್ಯಾಕ್ಸ್ ಇಳಿಯಿತು!

ಮೂಡುಬಿದಿರೆಯಲ್ಲಿ ಹೋಟೆಲಿಟ್ಟಿರುವ ಗೆಳೆಯ ಜಗದೀಶ ಗಿರಾಕಿಗಳಿಗೆಲ್ಲ ಜಿಲೇಬಿ ಹಂಚಿದ. 'ನೋಡಿದ್ರಾ? ನಮಗೆ ಹೆದರಿದ್ರು!'

'ಹೆದರಿದ್ದು ಹೌದು ಮಾರಾಯ. ನಮಗಲ್ಲ, ಅವರ ಓಟಿನವರಿಗೆ' ಎಂದೆ. ಕೊಟ್ಟ ಜಿಲೇಬಿಯನ್ನು ಅವನು ವಾಪಸ್ ಕೇಳಲಿಲ್ಲ. ಪುಣ್ಯ.

ಏನೇ ಇರಲಿ, ಅತ್ತಿಗೆಗೆ ಒಳ್ಳೆಯದಾಯಿತಲ್ಲ? ಸಂಜೆ ಅವರ ಮನೆಗೇ ಹೋದೆ. 'ಕೆಲಸಕ್ಕೆ ಕರೆದರಾ?'

'ಕೆಲವರನ್ನು ಕರೆದಿದ್ದಾರೆ. ನಮ್ಮನ್ನಲ್ಲ. ಟ್ಯಾಕ್ಸ್ ಇದ್ದಾಗ ಖರ್ಚು ಇಳಿಸ್ಲಿಕ್ಕೆ ಅಂತ ಬೀಜ ಆರಿಸುವ ಮೆಷಿನ್ ತಂದಿದ್ದಾರೆ. ಇನ್ನು ನಮ್ಮ ಕೈ ಯಾಕೆ?'

ಅತ್ತಿಗೆ ಈಗ ಕಾಲೇಜು ಹಾಸ್ಟೆಲೊಂದರಲ್ಲಿ ದಿನವಿಡೀ ನಿಂತು ಪಾತ್ರೆ ತೊಳೆಯುತ್ತಾರೆ. ಊದಿದ ಕಾಲನ್ನು ಸೆರಗಿನಡಿ ಎಳೆದುಕೊಂಡರು.

'ಕಾಲುನೋವು ಹೇಗೋ ತಡೀತೇನೆ. ಕಾರ್ಖಾನೆಯಲ್ಲಿ ನಾವೆಲ್ಲ ಸಾಲಾಗಿ ಕೂತು ಮಾತಾಡ್ತಾ ಇದ್ದೆವು. ಈ ಹಾಸ್ಟೆಲಲ್ಲಿ ಮಾತಿಗೆ ಒಂದು ಜನ ಇಲ್ಲ.'

ಟ್ಯಾಕ್ಸ್ ಏರಿಸಿದಾಗಲೂ ಅಮೆರಿಕದ ದೊಡ್ಡವರಿಗೆ ಚಪ್ಪಾಳೆ, ಇಳಿಸಿದಾಗಲೂ ಚಪ್ಪಾಳೆ. ಇಲ್ಲಿ ನಾವು ಜಿಲೇಬಿ ತಿಂದೆವು.

ಅಲ್ಲ, ಅಮೆರಿಕದ ಚುನಾವಣೆಗೆ ನಮ್ಮ ವಸಂತಿ ಅತ್ತಿಗೆ ನಿಂತದ್ದಾದರೂ ಯಾವಾಗ, ಹೀಗೆ ಸೋಲಲಿಕ್ಕೆ?