ಹನ್ನೊಂದು ದೋಷಗಳ ರೈಲು

ಸುಳ್ಳು ಹೇಳುವವರಿಂದ ನನಗೆ ಯಾವ ತೊಂದರೆಯೂ ಇಲ್ಲ. ಕೊಯಮತ್ತೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಾ ನನ್ನ ಅರ್ಧ ಆಯಸ್ಸು ಕಳೆದಿದೆ. ಕಕ್ಷಿದಾರ ಕುರ್ಚಿ ಎಳೆದುಕೊಳ್ಳುವ ರೀತಿಯಲ್ಲೇ ಅವನು ಯಾವ ಸುಳ್ಳಿನಿಂದ ಶುರು ಮಾಡುತ್ತಾನೆಂದು ಗೊತ್ತಾಗುತ್ತದೆ. ನನ್ನನ್ನು ಕಂಗಾಲು ಮಾಡುವವರು ಪ್ರಾಮಾಣಿಕರು. ಅದರಲ್ಲೂ ಆನ್‌ಲೈನ್ ಹರಾಜಿನಲ್ಲಿ ಮಾದರಿ ರೈಲು ಮಾರುವ ಪ್ರಾಮಾಣಿಕರು.

ಮಾದರಿ ರೈಲು ಅಂದರೆ ಆಟಿಕೆಯಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಜವಾದ ರೈಲನ್ನು ತಿರುಪು ತಿರುಪಿನವರೆಗೆ ಕುಗ್ಗಿಸಿ ಮಾಡಿದ್ದು. ಎಂಜಿನ್ ಒಂದು ಗೇಣಿಗೂ ಕಡಿಮೆ, ಹಳಿಯಲ್ಲಿ ಕರೆಂಟು ಹರಿದರೆ ಓಡುತ್ತದೆ. ನಾನು ಹುಟ್ಟಿ ಬೆಳೆದದ್ದು ಪೋತ್ತನೂರಿನಲ್ಲಿ, ಹಳಿಯ ಪಕ್ಕದ ಮನೆಯಲ್ಲಿ. ಗೂಡ್ಸ್ ಹೋದಾಗ ಅಡುಗೆಮನೆಯ ತಟ್ಟೆಲೋಟಗಳೆಲ್ಲ ಗಲಗಲ ಅನ್ನುತ್ತಿದ್ದವು. ಆ ಹುಚ್ಚು ಬಿಡಲಿಲ್ಲ. ಈಗ ನಮ್ಮ ಮನೆಯ ಊಟದ ಮೇಜಿನ ಮುಕ್ಕಾಲು ಪಾಲು ರೈಲ್ವೆಯ ಆಸ್ತಿ. ನನ್ನ ಗಂಡ ಸೂಲೂರಿನ ಹತ್ತಿರದ ಒಂದು ನೂಲಿನ ಮಿಲ್ಲಿನಲ್ಲಿ ಮೇಲ್ವಿಚಾರಕರು. ಸಂಜೆ ಬಂದು ಉಳಿದ ಕಾಲು ಪಾಲಿನಲ್ಲಿ ತಟ್ಟೆ ಇಟ್ಟುಕೊಂಡು, ಗೇಟು ಬಿದ್ದ ಕಡೆ ಲಾರಿ ಡ್ರೈವರ್ ಕೂತ ಹಾಗೆ ಕೂತು ಊಟ ಮಾಡುತ್ತಾರೆ.

ಹರಾಜಿನಲ್ಲಿ ಪ್ರಾಮಾಣಿಕರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಒಬ್ಬರು ಸಿಗ್ನಲ್ ಕಂಬ ಕಳಿಸಿ, ಎರಡು ವಾರ ಬಿಟ್ಟು ಫೋನ್ ಮಾಡಿ, ಅದರ ಒಂದು ತಿರುಪು ಮಂಚದ ಕೆಳಗೆ ಸಿಕ್ಕಿತು ಎಂದು ಅದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದರು. ಇನ್ನೊಬ್ಬರು ತಮ್ಮ ರೈಲು ಡಬ್ಬಿಗಳಿಗೆ ನುಸಿಗುಳಿಗೆಯ ವಾಸನೆ ಇದೆ, ಅದಕ್ಕೆ ಅತ್ತೆಯ ಪಟ್ಟೆ ಸೀರೆಗಳೇ ಕಾರಣ ಎಂದು ಜಾಹೀರಾತಿನಲ್ಲೇ ಬರೆದು, ಅತ್ತೆಯ ಜೊತೆ ಜಗಳವಾಗಿ ಮಾಲು ವಾಪಸ್ ತೆಗೆದುಕೊಂಡರು. ಆದರೆ ಪಲ್ಲಡಂ ಹತ್ತಿರದ ಊರಿನ ಆ ಯಜಮಾನರ ಮುಂದೆ ಇವರೆಲ್ಲ ಬರೀ ಕಳ್ಳರು.

ಅವರು ಹರಾಜಿಗೆ ಹಾಕಿದ್ದು ಹಸಿರು ಬಣ್ಣದ ಒಂದು ಜರ್ಮನ್ ಎಂಜಿನ್ ಮತ್ತು ನಾಲ್ಕು ಡಬ್ಬಿ. ತಿರುಪ್ಪೂರಿನ ಬನಿಯನ್ ರಫ್ತು ಕಂಪನಿಯೊಂದರಲ್ಲಿ ಮಾಲು ಕಳಿಸುವ ವಿಭಾಗದಲ್ಲಿದ್ದಾಗ ಬನಿಯನ್ ಕೊಳ್ಳಲು ಬಂದ ವಿದೇಶಿಯೊಬ್ಬ ಉಡುಗೊರೆ ಕೊಟ್ಟದ್ದಂತೆ. ಚಿತ್ರದ ಕೆಳಗೆ ಹನ್ನೊಂದು ದೋಷಗಳನ್ನು ಪಟ್ಟಿ ಮಾಡಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರು ಹೆಗ್ಗಣದ ಬಾಲ ಅಳೆದು ಬರೆದಿದ್ದರು. ಮೊದಲನೆಯದು: ಎಂಜಿನ್ನಿನ ಎಡಗಡೆ ಉಗುರಿನಷ್ಟು ಬಣ್ಣ ಹೋಗಿದೆ, ಉಗುರು ನನ್ನ ಹೆಬ್ಬೆರಳಿನದು, ನಿಮ್ಮ ಉಗುರು ಚಿಕ್ಕದಿದ್ದರೆ ಜಾಸ್ತಿ ಅನ್ನಿಸಬಹುದು. ನಾಲ್ಕನೆಯದು: ಮೂರನೇ ಡಬ್ಬಿಯ ಒಂದು ಚಕ್ರವನ್ನು ನನ್ನ ಮಗಳು ಚಿಕ್ಕವಳಿದ್ದಾಗ ನುಂಗಿದ್ದಳು, ಎರಡನೇ ದಿನ ವಾಪಸ್ ಬಂತು, ಬಿಸಿನೀರಿನಲ್ಲಿ ತೊಳೆದಿದ್ದೇವೆ. ಏಳನೆಯದು: ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಡೀ ಕುಟುಂಬ ನಗುತ್ತಿದೆ, ರೈಲು ದಿನವೂ ಅಷ್ಟು ಸಂತೋಷ ಕೊಡುವುದಿಲ್ಲ. ಹನ್ನೊಂದನೆಯದು: ಎರಡು ವರ್ಷದಿಂದ ಎಂಜಿನ್ ಹಳಿಯ ಮೇಲೆ ನಿಲ್ಲುತ್ತಿಲ್ಲ, ಇಟ್ಟರೆ ಬೀಳುತ್ತದೆ, ಕಾರಣ ತಿಳಿಯಲಿಲ್ಲ.

"ಒಬ್ಬ ಮನುಷ್ಯ ತನ್ನ ಸಾಮಾನಿನ ಮೇಲೆ ತಾನೇ ಇಷ್ಟು ಚಾಡಿ ಹೇಳ್ತಾನೆ ಅಂದ್ರೆ ಏನೋ ಇದೆ," ಅಂದರು ನನ್ನ ಗಂಡ. ನನಗೂ ಹಾಗೇ ಅನ್ನಿಸಿತು. ಆದರೆ ಎಂಜಿನ್ ನೋಡಿ ಬಾಯಲ್ಲಿ ನೀರೂರಿತ್ತು.

ಹರಾಜು ಮುಗಿಯುವ ದಿನ ನಾನು ಕೋರ್ಟಿನ ಜಗಲಿಯಲ್ಲಿ ನಿಂತು, ಒಳಗೆ ನನ್ನ ಕೇಸು ಕೂಗುವುದಕ್ಕೆ ಕಿವಿ ಕೊಟ್ಟು, ಫೋನಿನಲ್ಲಿ ಬೆಲೆ ಏರಿಸುತ್ತಿದ್ದೆ. ಎದುರಾಳಿ ಯಾರೋ ಒಬ್ಬ ಹಟಮಾರಿ, ನಾನು ಏರಿಸಿದಷ್ಟೂ ಏರಿಸುತ್ತಿದ್ದ. ಆಗ ಮಾರುವವರೇ ನಡುವೆ ಬಂದು ಎಲ್ಲರಿಗೂ ಕಾಣುವ ಹಾಗೆ ಬರೆದರು: "ಇಬ್ಬರೂ ದಯವಿಟ್ಟು ನಿಲ್ಲಿಸಿ. ಇದು ಇಷ್ಟು ಬೆಲೆ ಬಾಳುವುದಿಲ್ಲ. ಹನ್ನೊಂದನೆಯದನ್ನು ಇನ್ನೊಮ್ಮೆ ಓದಿ." ಎದುರಾಳಿ ಓದಿದನೋ ಏನೋ, ನಿಲ್ಲಿಸಿದ. ನಾನು ಗೆದ್ದೆ. ಒಳಗೆ ನನ್ನ ಕೇಸು ಮುಂದಕ್ಕೆ ಹೋಗಿತ್ತು.

ಆ ಸಂಜೆ ಯಜಮಾನರ ಫೋನು ಬಂತು, ತಮಿಳಿನಲ್ಲಿ. ಕೊರಿಯರ್ ಮಾಡುವುದಿಲ್ಲ, ನೀವೇ ನೇರ ಬಂದು, ಓಡಿಸಿ, ಬೀಳುವುದನ್ನು ಕಣ್ಣಾರೆ ನೋಡಿ, ಒಪ್ಪಿದರೆ ಮಾತ್ರ ಕೊಡುತ್ತೇನೆ ಎಂದು ಶುರು ಮಾಡಿದರು. ಹಿಂದಿನಿಂದ ಒಂದು ಹೆಂಗಸಿನ ದನಿ ಕನ್ನಡದಲ್ಲಿ, "ಸಾಕು ಬುಡಿ, ತಗೊಳ್ಳೋರನ್ನ ಓಡಿಸಿಬುಡ್ತೀರ!" ಅಂದಿತು. ನಮ್ಮ ಮನೆಮಾತೂ ಅದೇ, ನನಗೆ ತಡೆಯಲಾಗಲಿಲ್ಲ. "ನಾನು ಓಡೋಳಲ್ಲ, ಬರ್ತೀನಿ ಅಂತ ಹೇಳಿ ಅವರಿಗೆ," ಅಂದೆ.

ಯಜಮಾನರೂ ಕನ್ನಡಕ್ಕೆ ತಿರುಗಿದರು. "ನೀವು ನಮ್ಮೋರಾ? ಅಯ್ಯೋ, ಹಂಗಾದ್ರೆ ಕಟ್ಟಾಯ ಬಂದು ನೋಡ್ಲೇಬೇಕು. ನಮ್ಮೋರಿಗೆ ಹ್ಯಾಂಗಮ್ಮಾ ಕೆಟ್ಟ ಮಾಲು ಕಟ್ಟೋದು? ನಮ್ಮಪ್ಪ ದನದ ಸಂತೇಲಿ ದಲ್ಲಾಳಿ. ಹಲ್ಲು ತೋರಿಸಿ, ಸುಳಿ ತೋರಿಸಿ, ನಡೆಸಿ ತೋರಿಸಿ ಆಮೇಲೇ ಬೆಲೆ ಮಾತಾಡ್ತಿದ್ದ."

ಮಾರನೆಯ ದಿನ ಇನ್ನೊಂದು ನಂಬರಿನಿಂದ ಫೋನು. ಹಿಂದೆ ತರಿಗಳ, ಅಂದರೆ ಮಗ್ಗಗಳ, ಸದ್ದು ಎಷ್ಟಿತ್ತೆಂದರೆ ಮಾತು ಅರ್ಧ ಊಹಿಸಬೇಕಾಯಿತು.

"ಕಣ್ಣು," ಎಂದು ಆ ಕಡೆಯವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ ಕರೆದಿತು ದನಿ. "ನಾನು ಅವರ ಮನೆಯೋಳು. ಅವರಿಗೆ ಕೇಳಬಾರದು ಅಂತ ಪಕ್ಕದ ತರಿ ಶೆಡ್ಡಿಗೆ ಬಂದು ಮಾತಾಡ್ತಾ ಇದೀನಿ. ರೈಲಿಗೆ ಏನೂ ಆಗಿಲ್ಲ. ಅವರ ಕೈ ನಡುಗ್ತದೆ. ಅದು ಅವರಿಗೆ ಗೊತ್ತಿಲ್ಲ."

ಕೈ ನಡುಗುವುದು ಒಬ್ಬ ಮನುಷ್ಯನಿಗೆ ಗೊತ್ತಿಲ್ಲದೆ ಹೇಗಿರುತ್ತದೆ ಎಂದು ಕೇಳಿದೆ. ಆಕೆ ಹೇಳಿದರು. ಎರಡು ವರ್ಷದಿಂದ ಆ ಮನೆಯಲ್ಲಿ ಕೈಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೆಟ್ಟಿದೆ. ಕಾಪಿ ಚೆಲ್ಲಿದರೆ ಲೋಟ ಸರಿಯಿಲ್ಲ. ಮೂರು ಸಲ ಲೋಟ ಬದಲಾಯಿಸಿ ಈಗ ಅರ್ಧ ಲೋಟ ಮಾತ್ರ ಕೊಡುತ್ತಾರೆ. ಅಂಗಿಯ ಗುಂಡಿ ಹಾಕಲು ಆಗದಿದ್ದರೆ ಟೈಲರ್ ಸರಿಯಿಲ್ಲ; ಪಾಪದ ಟೈಲರ್ ಎಲ್ಲ ಅಂಗಿಗೂ ಒತ್ತುಗುಂಡಿ ಹಾಕಿ ಕ್ಷಮೆ ಕೇಳಿದ್ದಾನೆ. ಬೀಗ ಸರಿಯಿಲ್ಲ, ಪೆನ್ನು ಸರಿಯಿಲ್ಲ, ಎಂಜಿನ್ ಸರಿಯಿಲ್ಲ.

"ಕುಣೀಲಾರದೋಳು ನೆಲ ಡೊಂಕು ಅಂದ್ಲು ಅಂತಾರಲ್ಲ ಕಣ್ಣು, ಇಲ್ಲಿ ಅವರು ಕೇಳೋಕೆ ಮುಂಚೆ ನಾನೇ ನೆಲ ಡೊಂಕು ಅಂತ ಹೇಳಿಬುಟ್ಟಿದೀನಿ. ನಮ್ಮ ಮಾವನಿಗೂ ಹಿಂಗೇ ಕೈ ನಡುಗಿತು. ದಲ್ಲಾಳಿಗೆ ಕೈಯೇ ಅಲ್ವಾ ಬಂಡವಾಳ? ಗೊತ್ತಾದ ದಿನ ಸಂತೆ ಬಿಟ್ಟ. ಗೋಡೆ ಕಡೆ ಮುಖ ಹಾಕ್ಕೊಂಡು ಕೂತೋನು ಏಳಲೇ ಇಲ್ಲ. ಇವರು ಅದನ್ನ ನೋಡಿದಾರೆ. ಇವರಿಗೂ ಗೊತ್ತಾದ್ರೆ ಗೋಡೆ ಕಡೆ ತಿರುಗಿಬುಡ್ತಾರೆ. ನೀವೇ ಇಟ್ಟು ನೋಡಿ ಅಂತಾರೆ ನಿಮಗೆ. ನಿಮ್ಮ ಕೈಲಿ ಎಂಜಿನ್ ನಿಂತ್ರೆ ಮುಗೀತು. ಬೀಳಿಸಿಬುಡಿ. ವಕೀಲರು ನೀವು, ಒಂದು ಸುಳ್ಳು ನಿಮಗೆ ಕಷ್ಟವಾ?"

ಕೊನೆಯ ಮಾತಿಗೆ ಸಿಟ್ಟು ಬಂತು. ಆದರೂ ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಕೋಳಿ ಲಾರಿಗಳ ಹಿಂದೆ ಕಾರು ಓಡಿಸಿಕೊಂಡು ಅವರ ಊರಿಗೆ ಹೋದೆ. ಯಜಮಾನರು ಬಾಗಿಲಲ್ಲೇ ನಿಂತಿದ್ದರು, ಎತ್ತರದ ಆಳು, ಬಿಳಿ ವೇಷ್ಟಿ, ಹೆಗಲ ಮೇಲೆ ಟವೆಲು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಆಕೆ ಕುಳ್ಳಗೆ, ದುಂಡಗೆ, ನನ್ನನ್ನು ಎಂದೂ ಕಾಣದ ಕೇಳದವರ ಹಾಗೆ "ಯಾರು?" ಎಂದು ಕೇಳಿದರು. ನನ್ನ ಎಷ್ಟೋ ಸಾಕ್ಷಿಗಳಿಗೆ ಅಷ್ಟು ಚೆನ್ನಾಗಿ ನಟಿಸಲು ಬರುವುದಿಲ್ಲ.

ನಡುಮನೆಯ ನೆಲದ ಮೇಲೆ ಹಳಿ ಜೋಡಿಸಿತ್ತು. ಕೆಟ್ಟ ರೈಲು ಕೊಳ್ಳಲು ಕೊಯಮತ್ತೂರಿನಿಂದ ಯಾರೋ ಬರುತ್ತಾರೆಂಬ ಸುದ್ದಿ ಹಬ್ಬಿ, ತರಿ ಶೆಡ್ಡಿನ ನಾಲ್ಕೈದು ಜನ ನೋಡಲು ಬಂದು ಗೋಡೆಗೆ ಒರಗಿ ನಿಂತಿದ್ದರು. ಯಜಮಾನರು ಒಂದರಿಂದ ಹತ್ತರವರೆಗೆ ದೋಷಗಳನ್ನು ಬಾಯಲ್ಲೇ ಓದಿ, ಒಂದೊಂದನ್ನೂ ನನಗೆ ತೋರಿಸಿ, ನಾನು "ನೋಡಿದೆ" ಅಂದ ಮೇಲೇ ಮುಂದಕ್ಕೆ ಹೋದರು. ಮಗಳು ನುಂಗಿದ ಚಕ್ರವನ್ನು ನಾನು ಮುಟ್ಟಲೇಬೇಕಾಯಿತು.

"ಈಗ ಹನ್ನೊಂದು," ಅಂದರು. "ನಾನು ಇಟ್ರೆ ನಾಟಕ ಅಂತೀರ. ನೀವೇ ಇಡಿ."

ನನ್ನ ಬೆರಳುಗಳ ವಿಷಯ ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅಭ್ಯಾಸ ಅವಕ್ಕೆ. ಹಳಿ ಸಿಕ್ಕಿದ ಕೂಡಲೇ ಚಕ್ರಗಳನ್ನು ತಾವಾಗಿ ಕೂಡಿಸಿಬಿಟ್ಟವು. ಎಂಜಿನ್ನಿನ ದೀಪ ಹತ್ತಿತು. ಆಕೆ ಜೋರಾಗಿ ಕೆಮ್ಮಿದರು. ನಾನು ಗಾಬರಿಯಿಂದ ಸೀನಿದ ಹಾಗೆ ಮಾಡಿ ಕೈಯನ್ನು ಓರೆ ಮಾಡಿದೆ. ಎಂಜಿನ್ ಟಣ್ ಎಂದು ನೆಲಕ್ಕೆ ಬಿತ್ತು. ನೋಡಲು ಬಂದವರೆಲ್ಲ "ಅಯ್ಯೋ" ಅಂದರು. ಯಜಮಾನರ ಮುಖ ಮಾತ್ರ ಸಂತೃಪ್ತಿಯಿಂದ ಅರಳಿತು. "ನೋಡಿದ್ರಾ? ನಾನು ಸುಳ್ಳು ಹೇಳಿಲ್ಲ!"

ಎರಡನೇ ಸಲವೂ ಬೀಳಿಸಿದೆ, ಈ ಸಲ ಸೀನಿಲ್ಲದೆ, ಕಲೆಗಾರಿಕೆಯಿಂದ. ಅಷ್ಟರಲ್ಲಿ ಗೋಡೆ ಪಕ್ಕದಿಂದ ಮಗ್ಗದ ಫಿಟ್ಟರ್ ಒಬ್ಬ ಅಂಗಿಯ ತೋಳು ಮಡಿಸುತ್ತಾ ಮುಂದೆ ಬಂದ. "ಕೊಡ್ರಿ ಇಲ್ಲಿ, ಇದೇನು ದೊಡ್ಡ ವಿಷಯ, ನಾನ್ ಇಡ್ತೀನಿ." ಆಕೆಯ ಮುಖ ಬಿಳಿಚಿತು. ನಾನು ಎಂಜಿನ್ನನ್ನು ಎದೆಗೆ ಅವಚಿಕೊಂಡು, ಹರಾಜು ಮುಗಿದ ಕ್ಷಣದಿಂದ ಮಾಲು ನನ್ನದು, ನನ್ನ ಒಪ್ಪಿಗೆಯಿಲ್ಲದೆ ಮುಟ್ಟಿದರೆ ಅಪರಾಧ, ಸೆಕ್ಷನ್ ಬೇಕಾದರೆ ಹೇಳುತ್ತೇನೆ ಎಂದು ಕೋರ್ಟಿನ ದನಿಯಲ್ಲಿ ಕೂಗಿದೆ. ಫಿಟ್ಟರ್ ಎರಡು ಹೆಜ್ಜೆ ಹಿಂದೆ ಹೋಗಿ ತೋಳು ಬಿಚ್ಚಿದ. ಕೆಟ್ಟ ಎಂಜಿನ್ನಿಗೆ ಇಷ್ಟು ರೋಷವೇ ಎಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಯಜಮಾನರು ಹರಾಜಿನ ಬೆಲೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಕಣ್ಣೆದುರಿಗೇ ಎರಡು ಸಲ ಬಿದ್ದಿದೆ, ಅರ್ಧ ಕೊಡಿ ಸಾಕು ಅಂದರು. ಆ ಎಂಜಿನ್ನಿಗೆ ಏನೂ ಆಗಿಲ್ಲವೆಂದು ಗೊತ್ತಿದ್ದ ನಾನು ಅರ್ಧ ಕೊಟ್ಟು ಹೇಗೆ ಒಯ್ಯಲಿ? ಪೂರ್ತಿ ಕೊಡುತ್ತೇನೆ ಅಂದೆ. ಅವರು ಇಳಿಸಿದರು, ನಾನು ಏರಿಸಿದೆ. ಅವರು ಕಾಲು ಭಾಗ ಅಂದರೆ ನಾನು ಹರಾಜಿಗಿಂತ ಐನೂರು ಜಾಸ್ತಿ ಅಂದೆ. ಕೊಳ್ಳುವವಳು ಬೆಲೆ ಏರಿಸಿ ಮಾರುವವನು ಇಳಿಸುವ ವ್ಯಾಪಾರವನ್ನು ತರಿ ಶೆಡ್ಡಿನವರು ಜನ್ಮದಲ್ಲಿ ನೋಡಿರಲಿಲ್ಲ. ಒಬ್ಬ ಹೊರಗೆ ಓಡಿ ಇನ್ನೂ ಇಬ್ಬರನ್ನು ಕರೆತಂದ.

"ಜನದ ಮುಂದೆ ಬೆಲೆ ಕೂಗಿ ಮಾನ ಕಳೆಯೋದು ಬ್ಯಾಡ," ಅಂದರು ಯಜಮಾನರು. "ಟವೆಲ್ ಹಾಕೋಣ."

ದನದ ಸಂತೆಯ ಪದ್ಧತಿ ಅದು. ಮಾರುವವನೂ ಕೊಳ್ಳುವವನೂ ಕೈ ಹಿಡಿದು ಮೇಲೆ ಟವೆಲು ಮುಚ್ಚುತ್ತಾರೆ. ಹಿಡಿದ ಬೆರಳೆಷ್ಟೋ ಅಷ್ಟು ಸಾವಿರ, ಬೆರಳು ಮಡಿಸಿದರೆ ಅರ್ಧ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಹೆಂಗಸಿನ ಜೊತೆ ಟವೆಲ್ ಹಾಕುವುದುಂಟೇ ಎಂದು ಯಾರೋ ಗೊಣಗಿದರು. "ನನ್ನ ಮಗಳ ವಯಸ್ಸು ಆವಮ್ಮಂದು," ಎಂದು ಯಜಮಾನರು ಅವರ ಬಾಯಿ ಮುಚ್ಚಿಸಿದರು. ನಾನು ಕೈ ಚಾಚಿದೆ. ಅವರು ಮೊದಲು ಟವೆಲು ಹೊದಿಸಿ, ಆಮೇಲೆ ಬೆನ್ನ ಹಿಂದಿನಿಂದ ಬಲಗೈ ತಂದು ಅದರೊಳಗೆ ಹಾಕಿದರು.

ನಾನು ಬೆರಳುಗಳಿಗಾಗಿ ಕಾದೆ. ಅವರು ಒಂದು ಬೆರಳನ್ನೂ ಹಿಡಿಯಲಿಲ್ಲ. ತಮ್ಮ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟು ಬಿಟ್ಟರು. ಅದು ನಡುಗುತ್ತಿತ್ತು, ಹಿಡಿದಿಟ್ಟ ಗುಬ್ಬಿಯ ಹಾಗೆ. ನಿಲ್ಲಿಸಲು ಅವರು ಸ್ವಲ್ಪವೂ ಪ್ರಯತ್ನಿಸಲಿಲ್ಲ. ನನಗೆ ಚೆನ್ನಾಗಿ ತಿಳಿಯಲಿ ಎಂದು ಹಾಗೇ ಇಟ್ಟುಕೊಂಡರು. ನಾನು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು, ಒಂದು ಗಳಿಗೆ. ಆಮೇಲೆ ಕಣ್ಣನ್ನು ಹೆಂಡತಿಯ ಕಡೆ ಹೊರಳಿಸಿ, ಅವಳಿಗೆ ತಿಳಿಯುವುದು ಬೇಡ ಎಂಬಂತೆ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿದರು. ಅರ್ಧ ಲೋಟ ಕಾಪಿ, ಒತ್ತುಗುಂಡಿಯ ಅಂಗಿ, ಎಲ್ಲವನ್ನೂ ಗೊತ್ತಿದ್ದೇ ಒಪ್ಪಿಕೊಂಡು ಬಂದಿದ್ದರು ಈ ಮನುಷ್ಯ, ಎರಡು ವರ್ಷ.

ನಾನು ಅವರ ಕೈಯನ್ನು ಒಮ್ಮೆ ಒತ್ತಿದೆ.

"ಮುಗೀತು! ಬೆಲೆ ಆತು!" ಎಂದು ಅವರು ಸಂತೆಗೇ ಕೇಳುವ ಹಾಗೆ ಕೂಗಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಕೇಳಿಸ್ತೇನೇ? ಪೂರಾ ಎಂಜಿನ್ನಿಂದೇ ತಪ್ಪು ಅಂತ ಆವಮ್ಮನೂ ಒಪ್ಪಿದ್ರು," ಅಂದರು.

"ನಾನು ಆವತ್ತಿಂದ ಹೇಳ್ತಾ ಇಲ್ವಾ? ನನ್ನ ಮಾತು ಯಾರು ಕೇಳ್ತಾರೆ?" ಅಂದರು ಆಕೆ. ದೊಡ್ಡದೊಂದು ಉಸಿರು ಬಿಟ್ಟು, ಎಲ್ಲರಿಗೂ ಕಾಪಿ ಮಾಡಲು ಒಳಗೆ ಹೋದರು. ಆಕೆ ಒಳಗೆ ಹೋಗುವವರೆಗೂ ಅವರು ಟವೆಲು ತೆಗೆಯಲಿಲ್ಲ.